ಟೆಂಟಿನಲ್ಲಿ ಕಂಡ ಬಸವಣ್ಣ

ನಮ್ಮ ಬಾಲ್ಯ ಕಳೆದದ್ದು ಚನ್ನರಾಯನದುರ್ಗದ ಕೋಟೆಬೆಟ್ಟದ ಬುಡದಲ್ಲಿ. ಆ ದಿನಗಳಲ್ಲಿ ಚಲನಚಿತ್ರ ನೋಡಬೇಕೆಂದರೆ ಎತ್ತಿನ ಗಾಡಿ ಕಟ್ಟಿಕೊಂಡು ಟೆಂಟು ಹಾಕಿದ ಊರಿಗೆ ಹೋಗಬೇಕಾಗಿತ್ತು. ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದ ನಮ್ಮ ಅಜ್ಜಿಯವರು ‘ಜಗಜ್ಯೋತಿ ಬಸವೇಶ್ವರ’ ಬಂದಿದೆಯೆಂದು ಕೇಳಿದೊಡನೆ, ಸಂಜೆಯ ಲಿಂಗಪೂಜೆ ಮುಗಿಸಿ ತಾವೇ ಮೊದಲು ಗಾಡಿ ಏರಿದರು.

1959ರಲ್ಲಿ ತೆರೆಕಂಡ, ಟಿ. ವಿ. ಸಿಂಗ್ ಠಾಕೂರ್ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರ್ ಅವರು ಬಿಜ್ಜಳನಾಗಿಯೂ ಅಭಿನಯಿಸಿದ್ದರು. ಮಕ್ಕಳಾದ ನಾವು ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕುಳಿತೆವು. ಪರದೆಯ ಮೇಲೆ ಬಸವಣ್ಣನವರು ಕಾಣಿಸಿಕೊಂಡಾಗ ಅಜ್ಜಿಯವರು ಎದ್ದು ಕೈಮುಗಿದರು. ರೀಲು ಬದಲಿಸಲು ದೀಪ ಹೊತ್ತಿಸಿದಾಗಲೆಲ್ಲ ಅವರ ಕಣ್ಣುಗಳು ಒದ್ದೆಯಾಗಿರುತ್ತಿದ್ದವು.

ಗಾಡಿ ಹೊಡೆದುಕೊಂಡು ಬಂದವನು ನಮ್ಮ ಹೊಲದ ಆಳು. ಊರಾಚೆಯ ಕೇರಿಯವನಾದ ಆತನಿಗೆ ನಮ್ಮಲ್ಲಿ ಊಟ ಹಿತ್ತಿಲಿನಲ್ಲಿಯೇ. ಹಿಂದಿರುಗುವಾಗ ದಾರಿಬದಿಯಲ್ಲಿ ಬುತ್ತಿ ಬಿಚ್ಚಿದೆವು. ಆತ ಎಂದಿನಂತೆ ದೂರ ಸರಿದ.

“ಇಲ್ಲೇ ಬಾರಪ್ಪ, ನಮ್ಮ ಸಾಲಿನಲ್ಲೇ ಕೂತ್ಕೊ” ಎಂದರು ಅಜ್ಜಿ.

ತಂದೆಯವರು ಮಾತನಾಡಲಿಲ್ಲ. ಆತ ಬಹಳ ಹೊತ್ತು ನಿಂತೇ ಇದ್ದು, ಕೊನೆಗೆ ಕುಳಿತ.

ಮರುದಿನವೇ ಎಲ್ಲವೂ ಬದಲಾಯಿತೆಂದರೆ ಸುಳ್ಳಾದೀತು. ಕೆಲವು ನೆಂಟರು ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಆದರೂ ಅಜ್ಜಿಯವರು ಲಿಂಗೈಕ್ಯರಾಗುವವರೆಗೆ ಆತನ ಎಲೆ ನಡುಮನೆಯಲ್ಲಿಯೇ ಬೀಳುತ್ತಿತ್ತು. ಅವರ ನಂತರ ಅದು ಮತ್ತೆ ಹಿತ್ತಿಲಿಗೆ ಹೋಯಿತು. ನಾವಾಗ ಚಿಕ್ಕವರು, ಸುಮ್ಮನಿದ್ದೆವು. ದೊಡ್ಡವರಾದ ಮೇಲೂ ಎಷ್ಟೋ ಪಂಕ್ತಿಗಳಲ್ಲಿ ಸುಮ್ಮನೆ ಕುಳಿತು ಉಂಡೆದ್ದೆವಲ್ಲ, ಅದಕ್ಕೇನು ಹೇಳೋಣ?