ರಜೆಯ ಬೆಳಗಿಗೆ ಕಲ್ಲೋ, ತಟ್ಟೆಯೋ?



ವಾರದ ರಜೆ ಬಂದಿತೆಂದರೆ ನಮ್ಮಲ್ಲಿ ಅನೇಕರು ಮಾಡುವುದೇನು? ಬಟ್ಟೆ ಒಗೆದು, ಊರಿಗೆ ಫೋನು ಮಾಡಿ, ಉಂಡು ಮಲಗುತ್ತೇವೆ. ಸಂಜೆ ಎದ್ದಾಗ ಮೈ ಹಗುರವಾಗಿರುವುದಿಲ್ಲ, ರಜೆ ಮಾತ್ರ ಮುಗಿದಿರುತ್ತದೆ. ಕೊಯಮತ್ತೂರಿಗೆ ಬಂದಂದಿನಿಂದ ನಾನೂ ಹೀಗೆಯೇ ಕಾಲ ಕಳೆದವನು. ಗಿರಣಿಯ ಕಚೇರಿಯಲ್ಲಿ ಕುಳಿತು ಹಾಜರಿ, ಸಂಬಳದ ಲೆಕ್ಕ ನೋಡುತ್ತಾ ಮೂವತ್ತೈದು ತುಂಬುವುದರೊಳಗೆ ಸೊಂಟ ಹಿಡಿಯಿತು. ವೈದ್ಯರು ನಡೆಯಬೇಕೆಂದರು. ಸುಮ್ಮನೆ ನಡೆಯುವುದೆಂದರೆ ನನಗೆ ಬೇಸರ.

ನನ್ನ ಕೋಣೆಯ ಮಿತ್ರರ ಪಾಡು ಬೇರೆ. ಅವರು ನೂಲುವ ವಿಭಾಗದವರು. ಪಾಳಿಯುದ್ದಕ್ಕೂ ಯಂತ್ರಗಳ ಸಾಲಿನಲ್ಲಿ ಓಡಾಡಿ ಕಾಲು ಸೋತಿರುತ್ತದೆ, ಸದ್ದು ಕಿವಿಯಲ್ಲಿ ರಾತ್ರಿಯೂ ಮೊಳಗುತ್ತಿರುತ್ತದೆ. "ನನಗೆ ನಡೆಯುವುದು ಬೇಡ ಮಾರಾಯರೇ, ಸದ್ದಿಲ್ಲದ ಒಂದು ಜಾಗ ಬೇಕು" ಎಂದು ಅವರು ಹೇಳುತ್ತಿದ್ದರು. ನಮ್ಮಿಬ್ಬರಿಗೂ ಒಗ್ಗಿದ ಎರಡು ಹವ್ಯಾಸಗಳನ್ನು ಇಲ್ಲಿ ವಿವರಿಸುತ್ತೇನೆ. ಯಾವುದು ತಮಗೆ ಹಿತವೆಂಬುದನ್ನು ತಾವೇ ನಿರ್ಧರಿಸಬಹುದು.

ಮೊದಲನೆಯದು ಡಿಸ್ಕ್ ಗಾಲ್ಫ್, ಅಂದರೆ ತಟ್ಟೆಯ ಗಾಲ್ಫ್. ಗಾಲ್ಫಿನಲ್ಲಿ ಕೋಲಿನಿಂದ ಚೆಂಡು ಹೊಡೆದು ಗುಳಿಗೆ ಬೀಳಿಸುತ್ತಾರೆ. ಇಲ್ಲಿ ಕೋಲೂ ಇಲ್ಲ, ಗುಳಿಯೂ ಇಲ್ಲ. ಪ್ಲಾಸ್ಟಿಕ್ ತಟ್ಟೆಯನ್ನು ಕೈಯಿಂದಲೇ ಎಸೆದು ಸರಪಳಿ ತೂಗುವ ಬುಟ್ಟಿಗೆ ಹಾಕಬೇಕು. ತಟ್ಟೆ ಬಿದ್ದಲ್ಲಿಗೆ ನಡೆದುಹೋಗಿ ಅಲ್ಲಿಂದಲೇ ಮುಂದಿನ ಎಸೆತ. ಸಾಮಾನ್ಯವಾಗಿ 18 ಬುಟ್ಟಿಗಳಿರುತ್ತವೆ. ಯಾರ ಎಸೆತಗಳ ಒಟ್ಟು ಸಂಖ್ಯೆ ಕಡಿಮೆಯೋ ಅವರೇ ಗೆದ್ದಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಓಕ್ ಗ್ರೋವ್ ಉದ್ಯಾನದಲ್ಲಿ ಇದಕ್ಕೆ ಮೊದಲ ಕಾಯಂ ಅಂಕಣವನ್ನು ರೂಪಿಸಿದರು. ಅಲ್ಲಿ ಮೊದಲು ಬುಟ್ಟಿಗಳಿರಲಿಲ್ಲ, ಬರೀ ಕಂಬಗಳಿದ್ದವು. ಸರಪಳಿಯ ಬುಟ್ಟಿ ಬಂದದ್ದು ಆಮೇಲೆ. ಆದುದರಿಂದ ಬುಟ್ಟಿಯಿಲ್ಲವೆಂದು ನಾವು ಚಿಂತಿಸಬೇಕಾಗಿಲ್ಲ. ಮೈದಾನದಂಚಿನ ಒಂಬತ್ತು ಮರಗಳನ್ನು ಗುರುತಿಟ್ಟುಕೊಂಡು ಎರಡು ಸುತ್ತು ಆಡಿದರೆ 18 ಆಯಿತು. ಎಸೆತದ ನೆಪದಲ್ಲಿ ನಡಿಗೆಯೂ ಆಯಿತು.

ಎರಡನೆಯದು ನೀರಿನ ಮೇಲೆ ಕಲ್ಲು ಕುಪ್ಪಳಿಸುವುದು. ಘಟಪ್ರಭೆಯ ದಂಡೆಯಲ್ಲಿ ನಾವು ಹುಡುಗರು ಇದನ್ನು 'ಕಪ್ಪೆ ಹಾರಿಸುವುದು' ಎನ್ನುತ್ತಿದ್ದೆವು. ಇದು ಮಕ್ಕಳಾಟವೆಂದು ನಗಬೇಡಿರಿ. 2013ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕರ್ಟ್ ಸ್ಟೈನರ್ ಎಂಬವರು ಒಂದೇ ಎಸೆತಕ್ಕೆ ಕಲ್ಲನ್ನು 88 ಸಲ ಕುಪ್ಪಳಿಸಿ ವಿಶ್ವದಾಖಲೆ ಮಾಡಿದರು. ಸ್ಕಾಟ್ಲೆಂಡಿನ ಈಸ್‌ಡೇಲ್ ದ್ವೀಪದಲ್ಲಿ ನೀರು ತುಂಬಿದ ಹಳೆಯ ಕಲ್ಲುಗಣಿಯೊಂದರಲ್ಲಿ ಜಾಗತಿಕ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಎಷ್ಟು ಸಲ ಹಾರಿತು ಎಂಬುದಕ್ಕಿಂತ ಎಷ್ಟು ದೂರ ಹೋಯಿತು ಎಂಬುದೇ ಮುಖ್ಯ.

ಕಲ್ಲು ಮುಳುಗದೆ ಹಾರುವುದೇಕೆ? ಅದು ಚಪ್ಪಟೆಯಾಗಿ ವೇಗದಿಂದ ತಾಗಿದಾಗ ಕೆಳಗಿನ ನೀರನ್ನು ಒತ್ತುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಪ್ರತಿ ನೆಗೆತಕ್ಕೂ ಸ್ವಲ್ಪ ವೇಗ ಖರ್ಚಾಗಿ, ಕೈಗಂಟು ಕರಗಿದ ಮೇಲೆ ಕಲ್ಲು ಮುಳುಗುತ್ತದೆ. ಕಲ್ಲಿನ ಮುಂದಿನ ಅಂಚು ನೀರಿನಿಂದ ಸುಮಾರು 20 ಡಿಗ್ರಿ ಮೇಲೆದ್ದಿರುವುದು ಉತ್ತಮವೆಂದು ಫ್ರಾನ್ಸಿನ ವಿಜ್ಞಾನಿಗಳು 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಿಳಿಸಿದರು. ಗಡಿಯಾರದಲ್ಲಿ ಒಂದು ಗಂಟೆಯ ಅಂತರ 30 ಡಿಗ್ರಿ. ಅದರ ಮೂರರಲ್ಲಿ ಎರಡು ಪಾಲು ಎಂದುಕೊಳ್ಳಿರಿ. ಅಂಗೈಯಲ್ಲಿ ಹಿಡಿಸುವ ಚಪ್ಪಟೆ ಕಲ್ಲನ್ನು ತೋರುಬೆರಳಿನಿಂದ ಸುತ್ತಿ ಹಿಡಿದು, ಸೊಂಟದ ಮಟ್ಟದಿಂದ ಬೀಸಿ, ಕೊನೆಗೆ ಮಣಿಕಟ್ಟನ್ನು ಚಿಮ್ಮಬೇಕು. ತಿರುಗುವ ಬುಗುರಿ ಬೀಳದಿರುವಂತೆ, ತಿರುಗುವ ಕಲ್ಲು ವಾಲುವುದಿಲ್ಲ. ತಟ್ಟೆ ಹಾರುವಾಗ ಮಗುಚದಿರುವುದೂ ತಿರುಗುವುದರಿಂದಲೇ. ಆದುದರಿಂದ ಒಂದನ್ನು ಕಲಿತ ಕೈಗೆ ಇನ್ನೊಂದು ಬೇಗ ಬರುತ್ತದೆ.

ಇನ್ನು ಖರ್ಚು ಮತ್ತು ಜಾಗದ ಮಾತು. ಕಲ್ಲಿಗೆ ಕಾಸಿಲ್ಲ. ಆದರೆ ಅಲೆಯಿಲ್ಲದ ನೀರು ಬೇಕು, ಜನವಿಲ್ಲದ ದಂಡೆ ಬೇಕು. ನಮ್ಮ ಸಿಂಗಾನಲ್ಲೂರು ಕೆರೆ ಹಕ್ಕಿಗಳ ತಾಣ, ಅಲ್ಲಿ ಕಲ್ಲೆಸೆಯುವುದು ಸಲ್ಲದು. ದೇವಸ್ಥಾನದ ಕೊಳಗಳಲ್ಲಿ, ಜನ ಈಜುವ ಅಥವಾ ಬಟ್ಟೆ ಒಗೆಯುವ ಕಡೆಗಳಲ್ಲಿಯೂ ಬೇಡ. ಈಜು ಬಾರದವರು ಜಾರುವ ದಂಡೆಗೆ ಒಬ್ಬರೇ ಹೋಗಬಾರದು. ತಟ್ಟೆಗೆ ಹಣ ಬೇಕು. ಈ ಆಟಕ್ಕೆಂದೇ ಮಾಡಿದ ತಟ್ಟೆ ಭಾರವಾಗಿದ್ದು, ಅಂಚು ಗಟ್ಟಿಯಾಗಿರುತ್ತದೆ. ತಲೆಗೆ ತಾಗಿದರೆ ಗಾಯವಾದೀತು. ಆರಂಭಕ್ಕೆ ಮಕ್ಕಳಾಡುವ ಅಗ್ಗದ ತಟ್ಟೆಯೇ ಸಾಕು. ಭಾನುವಾರ ಎಂಟರ ಮೇಲೆ ಮೈದಾನವೆಲ್ಲ ಕ್ರಿಕೆಟ್ಟಿನವರದಾಗುವುದರಿಂದ ಆರು ಗಂಟೆಗೇ ಹೋಗುವುದು ಲೇಸು.

ನನ್ನ ಅಭಿಪ್ರಾಯ ಇಷ್ಟು. ದುಡಿಮೆ ಮೈಗೆ ಯಾವುದನ್ನು ಕೊಡುವುದಿಲ್ಲವೋ ಅದನ್ನು ಹವ್ಯಾಸ ಕೊಡಬೇಕು. ಕುಳಿತು ದುಡಿಯುವವರು ತಟ್ಟೆಯನ್ನು ಆರಿಸಿಕೊಳ್ಳಲಿ. ನಿಂತು, ಸದ್ದಿನಲ್ಲಿ ದುಡಿಯುವವರು ಕಲ್ಲನ್ನು ಆರಿಸಿಕೊಳ್ಳಲಿ. ಕಳೆದ ದೀಪಾವಳಿಗೆ ನನ್ನ ಮಿತ್ರರು ನಮ್ಮೂರಿಗೆ ಬಂದಿದ್ದರು. ಹೊಳೆಯ ದಂಡೆಯಲ್ಲಿ ಒಂದು ಗಂಟೆ ಕಲ್ಲೆಸೆದರು. ಅವರ ಕಲ್ಲು ಏಳು ಸಲಕ್ಕಿಂತ ಹೆಚ್ಚು ಹಾರಲಿಲ್ಲ. ಹಿಂದಿರುಗುವಾಗ "ಕಿವಿ ಖಾಲಿಯಾಯಿತು" ಎಂದರು. ನನ್ನ ಸೊಂಟವೂ ಈಗ ಮೊದಲಿನಷ್ಟು ಕಾಡುತ್ತಿಲ್ಲ.

ವಾಚನಾಲಯದ ಬೀರುವಿನಲ್ಲಿ ಎರಡು ತಟ್ಟೆಗಳನ್ನು ಇಟ್ಟಿದ್ದೇನೆ. ಪುಸ್ತಕದಂತೆಯೇ ವಹಿಯಲ್ಲಿ ಸಹಿ ಮಾಡಿ ಒಯ್ಯಬಹುದು, ಸೋಮವಾರ ಸಂಜೆಯೊಳಗೆ ಹಿಂದಿರುಗಿಸಬೇಕು. ಒಬ್ಬರೇ ಆಡಲು ಸಂಕೋಚವಾದರೆ ಭಾನುವಾರ ಬೆಳಿಗ್ಗೆ ಆರಕ್ಕೆ ವಾಚನಾಲಯದ ಬಾಗಿಲಲ್ಲಿ ನಿಲ್ಲಿರಿ. ನಾನು ಬರುತ್ತೇನೆ.