ಕುದಿನೀರಿನ ಅಂಚಿನ ಕೇಸರಿ ಬಣ್ಣ

ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದವರಲ್ಲಿ ಹೆಚ್ಚಿನವರು ಓಲ್ಡ್ ಫೇತ್‌ಫುಲ್ ಚಿಲುಮೆ ಯಾವಾಗ ಚಿಮ್ಮುತ್ತದೋ ಎಂದು ಗಡಿಯಾರ ನೋಡುತ್ತಾ ಕೂರುತ್ತಾರೆ. ಅದು ನೋಡುವಂಥದ್ದೇ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿಂದ ಉತ್ತರಕ್ಕೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ, ಫೈರ್‌ಹೋಲ್ ನದಿಯ ದಂಡೆಯ ಮೇಲೆ, ಸದ್ದಿಲ್ಲದೆ ಹಬೆಯಾಡುವ ಒಂದು ಕೊಳವಿದೆ. ಹೆಸರು ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಸ್ಪ್ರಿಂಗ್. ಹತ್ತು ಸಾವಿರಕ್ಕೂ ಹೆಚ್ಚು ಬಿಸಿಬುಗ್ಗೆ, ಚಿಲುಮೆ, ಕೆಸರುಕುಂಡ, ಹಬೆಗಂಡಿಗಳಿರುವ ಈ ಉದ್ಯಾನದಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ನನ್ನ ಆಯ್ಕೆ ಇದೇ.

ಕೊಳದ ಅಗಲ ನೂರು ಮೀಟರಿಗೂ ಹೆಚ್ಚು, ಆಳ ಸುಮಾರು 37 ಮೀಟರ್. ನಡುವೆ ಕಡುನೀಲಿ; ಅದನ್ನು ಸುತ್ತುವರಿದು ಹಳದಿ, ಆಚೆಗೆ ಕೇಸರಿ, ಇನ್ನೂ ಆಚೆಗೆ ಕಂದುಗೆಂಪು. 1871ರಲ್ಲಿ ಹೇಡನ್ ನೇತೃತ್ವದ ಸಮೀಕ್ಷಾ ತಂಡ ಇಲ್ಲಿಗೆ ಬಂದಾಗ ಚಿತ್ರಕಾರ ಥಾಮಸ್ ಮೊರಾನ್ ಇದನ್ನು ಜಲವರ್ಣದಲ್ಲಿ ಬರೆದುಕೊಂಡ. ಗಂಧಕ, ಕಬ್ಬಿಣದಂಥ ಖನಿಜಗಳಿಂದಲೇ ಈ ಬಣ್ಣ ಬಂದಿರಬೇಕೆಂದು ನೋಡಿದವರಿಗೆ ಅನಿಸುವುದು ಸಹಜ. ನೀಲಿಯೇನೋ ಆಳವಾದ ತಿಳಿನೀರಿನದು. ಉಳಿದ ಬಣ್ಣಗಳೆಲ್ಲ ಬ್ಯಾಕ್ಟೀರಿಯಾಗಳವು. ಕೋಟ್ಯಂತರ ಕೋಶಗಳು ತಾವೇ ಸ್ರವಿಸಿದ ಅಂಟಿನಲ್ಲಿ ಒತ್ತೊತ್ತಾಗಿ ಕೂತು ಚಾಪೆಯಂತೆ ಹಾಸಿಕೊಂಡಿವೆ.

ಒಂದೊಂದು ಬಣ್ಣದ ಬಳೆಯೂ ಉಷ್ಣತೆಯ ಒಂದೊಂದು ಗಡಿ. ನಡುವಿನಿಂದ ಉಕ್ಕುವ ನೀರು ಅಂಚು ಮೀರಿ ತೆಳುವಾಗಿ ಹರಿಯುತ್ತಾ ಆರುತ್ತದೆ. ಸುಮಾರು 73 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಕಿನಿಂದ ಆಹಾರ ತಯಾರಿಸುವ ಕೆಲಸ ಯಾವ ಜೀವಿಗೂ ಸಾಧ್ಯವಿಲ್ಲ; ನಡುವೆ ನೀಲಿ ಮಾತ್ರ ಉಳಿದಿರುವುದು ಅದಕ್ಕೇ. ಆ ಗಡಿಗೆ ತಾಗಿದಂತೆ ಸಿನೆಕೋಕಾಕಸ್ ಎಂಬ ಸೈನೋಬ್ಯಾಕ್ಟೀರಿಯಾದ ಹಳದಿ. ಇನ್ನಷ್ಟು ಆರಿದಲ್ಲಿ ಕ್ಲೋರೋಫ್ಲೆಕ್ಸಸ್‌ನ ಎಳೆಗಳೂ ಸೇರಿ ಕೇಸರಿ. 55 ಡಿಗ್ರಿಯ ಆಸುಪಾಸಿಗೆ ಇಳಿದಾಗ ಬೇರೆ ಬೇರೆ ಜಾತಿಗಳು ಕೂಡಿಕೊಂಡು ಬಣ್ಣ ಕಂದಿಗೆ ತಿರುಗುತ್ತದೆ.

ಇವುಗಳಲ್ಲೂ ಪತ್ರಹರಿತ್ತು ಇದೆ, ಹಾಗಿದ್ದರೆ ಹಸಿರೇಕಿಲ್ಲ? ಬೇಸಿಗೆಯ ಪ್ರಖರ ಬಿಸಿಲು ಕೋಶವನ್ನು ಸುಡದಂತೆ ಅವು ಕ್ಯಾರೊಟಿನಾಯ್ಡ್ ಎಂಬ ಹಳದಿ-ಕೇಸರಿ ವರ್ಣದ್ರವ್ಯವನ್ನು ಹೆಚ್ಚಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಬಿಸಿಲು ಕುಗ್ಗಿದಾಗ ಅದೇ ಚಾಪೆ ಕಡುಹಸಿರಾಗುತ್ತದೆ.

ಇಷ್ಟು ಬಿಸಿಯಲ್ಲಿ ಇವು ಬದುಕುವುದು ಹೇಗೆಂದು ತಿಳಿಯಲು ಕೋಶದ ಒಳಗೊಮ್ಮೆ ಇಣುಕಬೇಕು. ಗಿಡದ ಕೋಶದಲ್ಲಿ ಡಿಎನ್‌ಎಗೆ ಪ್ರತ್ಯೇಕ ಕೋಶಕೇಂದ್ರ, ಪತ್ರಹರಿತ್ತಿಗೆ ಪ್ರತ್ಯೇಕ ಕಣ. ಬ್ಯಾಕ್ಟೀರಿಯಾದ್ದು ಅಡುಗೆ, ಊಟ, ನಿದ್ದೆ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುವ ಸಂಸಾರ. ಸಾಮಾನ್ಯವಾಗಿ ಉಂಗುರದಂತಿರುವ ಡಿಎನ್‌ಎ ಕೋಶರಸದಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ಪಕ್ಕದಲ್ಲೇ ರೈಬೋಸೋಮ್‌ಗಳು ಪ್ರೋಟೀನ್ ಹೆಣೆಯುತ್ತವೆ. ಸೈನೋಬ್ಯಾಕ್ಟೀರಿಯಾಗಳಲ್ಲಿ ಪತ್ರಹರಿತ್ತು ಒಳಗಿನ ಮಡಿಕೆಪೊರೆಗಳ ಮೇಲೆ ಕೂತಿರುತ್ತದೆ. ಸುತ್ತಲೂ ಕೊಬ್ಬಿನ ತೆಳುಪೊರೆ, ಅದರ ಹೊರಗೆ ಸಕ್ಕರೆ ಸರಪಳಿಗಳನ್ನು ಪುಟ್ಟ ಪ್ರೋಟೀನ್ ತುಣುಕುಗಳಿಂದ ಬಿಗಿದ ಭಿತ್ತಿ. ಒಳಗಿನ ಒತ್ತಡಕ್ಕೆ ಕೋಶ ಒಡೆಯದಂತೆ ಹಿಡಿದಿಡುವುದು ಈ ಭಿತ್ತಿಯೇ.

ಬಿಸಿ ಏರಿದಂತೆ ಮೊದಲು ಸಡಿಲಗೊಳ್ಳುವುದು ಪೊರೆ, ಆಮೇಲೆ ಪ್ರೋಟೀನುಗಳ ಮಡಿಕೆ. ಇಲ್ಲಿನ ಜೀವಿಗಳ ಪೊರೆಯ ಕೊಬ್ಬು ಸುಲಭಕ್ಕೆ ಕರಗಿ ಸೋರುವಂಥದ್ದಲ್ಲ. ಪ್ರೋಟೀನುಗಳಿಗೆ ಒಳಗೊಳಗೇ ಹೆಚ್ಚಿನ ಬಿಗಿತವಿದೆ. ಈ ಬಿಗಿತವೇ ಮುಂದೆ ಜಗತ್ತಿನ ಪ್ರಯೋಗಾಲಯಗಳನ್ನು ಬದಲಿಸಿತು.

1966ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಥಾಮಸ್ ಬ್ರಾಕ್ ಮತ್ತು ವಿದ್ಯಾರ್ಥಿ ಹಡ್ಸನ್ ಫ್ರೀಜ್ ಇದೇ ಉದ್ಯಾನದ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾವನ್ನು ತಂದು ಬೆಳೆಸಿದರು. 70 ಡಿಗ್ರಿಯಲ್ಲಿ ಹಾಯಾಗಿ ಬೆಳೆಯುವ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟು 1969ರಲ್ಲಿ ಪ್ರಕಟಿಸಿದರು. ಅದರ ಡಿಎನ್‌ಎ ನಕಲಿಸುವ ಕಿಣ್ವ 'ಟ್ಯಾಕ್', 95 ಡಿಗ್ರಿಯಲ್ಲೂ ಸುಲಭಕ್ಕೆ ಕೆಡುವುದಿಲ್ಲ. 1983ರಲ್ಲಿ ಕ್ಯಾರಿ ಮುಲ್ಲಿಸ್ ಯೋಚಿಸಿದ, ಡಿಎನ್‌ಎಯ ನಕಲುಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನದಲ್ಲಿ ಡಿಎನ್‌ಎಯನ್ನು ಮತ್ತೆ ಮತ್ತೆ ಕಾಯಿಸಬೇಕು. ಮೊದಲು ಬಳಸುತ್ತಿದ್ದ ಕಿಣ್ವ ಪ್ರತಿ ಸಲವೂ ಹಾಳಾಗಿ ಹೊಸದನ್ನು ಸುರಿಯಬೇಕಿತ್ತು. ಟ್ಯಾಕ್ ಬಂದ ಮೇಲೆ ಆ ಗೋಳು ತಪ್ಪಿತು. ಕೋವಿಡ್ ದಿನಗಳಲ್ಲಿ ನಮ್ಮೂರ ಆಸ್ಪತ್ರೆಗಳಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು 'ಆರ್‌ಟಿಪಿಸಿಆರ್ ರಿಪೋರ್ಟ್ ಬಂತಾ' ಎಂದು ಕಾದ ನಮಗೆಲ್ಲ ಈ ಬುಗ್ಗೆಯ ಋಣವಿದೆ.

ಋಣ ತೀರಿಸಿದವರು ಮಾತ್ರ ಇಲ್ಲ. 1991ರಲ್ಲಿ ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರಿಗೆ ಕೈ ಬದಲಾದವು. ಬ್ಯಾಕ್ಟೀರಿಯಾ ಕೊಟ್ಟ ಉದ್ಯಾನಕ್ಕೆ ಅದರಲ್ಲಿ ಪಾಲಿರಲಿಲ್ಲ. ಬ್ರಾಕ್ ಕೂಡ ಅದರಿಂದ ಶ್ರೀಮಂತರಾಗಲಿಲ್ಲ. ಕಾನೂನು ಮುರಿದವರು ಯಾರೂ ಇಲ್ಲ, ಹಾಗೆಂದು ಅದು ನ್ಯಾಯವೆನಿಸುವುದಿಲ್ಲ. ಇಂಥ ಲಾಭದ ಹಂಚಿಕೆಗೆ ಅಮೆರಿಕದ ಉದ್ಯಾನಗಳು ದಾರಿ ಹುಡುಕಿಕೊಂಡದ್ದು ಆಮೇಲೆ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯಲ್ಲೂ ಲಾಭ ಹಂಚಿಕೆಗೆ ಅವಕಾಶವಿದೆ.

ಹೋಗುವವರಿಗೆ ಒಂದೆರಡು ಮಾತು. ಕೊಳದ ಪಕ್ಕದ ಮರದ ಹಾದಿಯಿಂದ ಹಬೆ ಮತ್ತು ಚಾಪೆ ಹತ್ತಿರದಿಂದ ಕಾಣುತ್ತವೆ, ಬಳೆಗಳ ಪೂರ್ಣರೂಪ ಕಾಣುವುದಿಲ್ಲ. ಅದಕ್ಕೆ ಫೇರಿ ಫಾಲ್ಸ್ ಕಾಲುಹಾದಿಯಿಂದ ಕವಲೊಡೆಯುವ ಗುಡ್ಡದ ವೀಕ್ಷಣಾ ಕಟ್ಟೆ ಹತ್ತಬೇಕು. ಅದು 2017ರಲ್ಲಿ ತೆರೆದದ್ದು. ಮುಂಜಾನೆಯ ಚಳಿಗೆ ಹಬೆ ದಟ್ಟವಾಗಿರುತ್ತದೆ, ಬೇಸಿಗೆಯ ಬಿಸಿಲೇರಿದ ಹೊತ್ತು ಒಳ್ಳೆಯದು. ಡ್ರೋನ್ ಒಯ್ಯಬೇಡಿ, ಉದ್ಯಾನದಲ್ಲಿ ಅದಕ್ಕೆ ನಿಷೇಧವಿದೆ. 2014ರಲ್ಲಿ ಪ್ರವಾಸಿಗನೊಬ್ಬನ ಡ್ರೋನ್ ಈ ಕೊಳದಲ್ಲೇ ಮುಳುಗಿ ಆತ ದಂಡ ತೆತ್ತ. ಗಾಳಿಗೆ ಟೋಪಿ ಹಾರಿ ಚಾಪೆಯ ಮೇಲೆ ಬಿದ್ದರೆ ಸಿಬ್ಬಂದಿಗೆ ತಿಳಿಸಿ, ನೀವು ಮಾತ್ರ ಹಾದಿ ಬಿಟ್ಟು ಇಳಿಯಬೇಡಿ. ನೆಲದ ಹೊರಪದರ ತೀರಾ ತೆಳು, ಅದರಡಿಯ ನೀರು ಮೈ ಸುಡುವಷ್ಟು ಬಿಸಿ.