ಗುರುತು-ಪರಿಚಯನೂ ಒಂದು ಬಂಡವಾಳ

ಯರಗುಪ್ಪಿ: ನೆಟ್‌ವರ್ಕಿಂಗ್ ಅಂದ್ರೆ ದೊಡ್ಡ ಕಂಪನಿ ಮಂದಿಯದ್ದು ಅನ್ಕೋಬ್ಯಾಡ್ರಿ. ಕಿರಾಣಿ ಅಂಗಡಿಯಲ್ಲಿ ಉದ್ರಿ ಕೊಡೋದು, ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ದಾಗ ಗೊತ್ತಿರೋ ದಲಾಲಿ ಅಂಗಡಿಯಲ್ಲೇ ಇಳಿಸೋದು, ಎಲ್ಲ ಪರಿಚಯದ ಮೇಲೇ ನಡೆಯೋದು.

ಹುಬ್ಬಳ್ಳಿಯಲ್ಲಿ ಒಬ್ಬರೇ ಹೋಲ್‌ಸೇಲ್ ವ್ಯಾಪಾರಿ ಗೊತ್ತಿದ್ರೆ ಅವರು ಹೇಳಿದ್ದೇ ರೇಟು. ನಾಲ್ಕು ಮಂದಿ ಗೊತ್ತಿದ್ರೆ ಕೇಳಿ ನೋಡಿ ಮಾಲು ತರಬಹುದು.

ಇದು ಹೊಸದೇನಲ್ಲ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಿಗೆ ಸಿಗದ ಸಾಲ ಕೂಡಿದವರಿಗೆ ಸಿಕ್ಕಿತು. ಈಗಲೂ 10 ಮಂದಿ ಬೆಳೆಗಾರರು ಸೇರಿದರೆ ರೈತ ಉತ್ಪಾದಕ ಕಂಪನಿ ನೋಂದಣಿ ಮಾಡಿಸಬಹುದು.

ನೌಕರಿ ವಿಷಯವೂ ಹಂಗೇ. ಸಣ್ಣ ಅಂಗಡಿ, ಗ್ಯಾರೇಜಿನವರು ಜಾಹೀರಾತು ಕೊಡೋದು ಕಡಿಮೆ, ಗೊತ್ತಿದ್ದವರನ್ನ ಕೇಳ್ತಾರೆ. ಹಿಂಗಾಗಿ ಪರಿಚಯ ಇಲ್ಲದ ಮನೆಯ ಹುಡುಗ್ರು, ಹುಡುಗ್ಯಾರು ಕೆಲಸ ಬಲ್ಲವರಾದ್ರೂ ಹಿಂದೆ ಉಳೀತಾರೆ.

ಏನು ಮಾಡಬೇಕು? ಕೆಲಸ ಬಿದ್ದಾಗಷ್ಟೇ ಫೋನ್ ಹಚ್ಚಬ್ಯಾಡ್ರಿ. ಹೇಳಿದ ದಿನಕ್ಕೆ ರೊಕ್ಕ ಮುಟ್ಟಿಸ್ರಿ. ಎಲ್ಲಾದ್ರೂ ಕೆಲಸ ಖಾಲಿ ಇದೆ ಅಂತ ಗೊತ್ತಾದ್ರೆ, ಯಾರಿಗೂ ಗೊತ್ತಿಲ್ಲದ ಮನೆಗೆ ಮೊದಲು ಹೇಳ್ರಿ.